ಅಕ್ಷರ ಸಾಕು

ಆ ಕಟ್ಟಡದಲ್ಲಿ ಪುಸ್ತಕಗಳಿದ್ದವು, ಕಪಾಟುಗಳಿರಲಿಲ್ಲ. ಕಣ್ಣು ಕಾಣದವರು, ವಯಸ್ಸಾಗಿ ಕಣ್ಣು ಸೋತವರು, ಹಾಸಿಗೆ ಹಿಡಿದು ಪುಸ್ತಕ ಎತ್ತಲಾರದವರು ಫೋನು ಮಾಡುತ್ತಿದ್ದರು. ಅವರು ಬಯಸಿದ ಪುಸ್ತಕವನ್ನು ಯಾರೋ ಮನಸ್ಸಿಟ್ಟು ಓದಿಟ್ಟ ದನಿ ಅವರ ಕಿವಿಗೆ ತಲುಪುತ್ತಿತ್ತು. ಧ್ವನಿ ಗ್ರಂಥಾಲಯ ಎಂದು ಬಾಗಿಲ ಮೇಲೆ ಬರೆದಿತ್ತು. ಯಾರು ಯಾವ ಪುಸ್ತಕ ಕೇಳುತ್ತಿದ್ದಾರೆ, ಯಾವ ಮಾತಿನ ಬಳಿ ನಿಲ್ಲಿಸಿ ಮಲಗಿದ್ದಾರೆ ಎಂಬುದೆಲ್ಲ ಮಹಡಿಯ ಮೇಲಿನ ಯಂತ್ರದ ಕೋಣೆಯ ಡೇಟಾಬೇಸಿನಲ್ಲಿ ಇರುತ್ತಿತ್ತು. ಮರುದಿನ ಅವರು ಮತ್ತೆ ಫೋನು ಮಾಡಿದರೆ ಕತೆ ನಿಂತಲ್ಲಿಂದಲೇ ಮುಂದೆ ಸಾಗುತ್ತಿತ್ತು. ಎಲ್ಲಿಗೆ ಬಿಟ್ಟಿದ್ದೆ ಎಂದು ಯಾರೂ ತಲೆ ಕೆರೆದುಕೊಳ್ಳಬೇಕಿರಲಿಲ್ಲ.

ಈ ಡೇಟಾಬೇಸಿನದೊಂದು ನಕಲನ್ನು ದಿನಾ ಸಂಜೆ ಬೇರೊಂದು ಯಂತ್ರಕ್ಕೆ ತೆಗೆದಿಡಬೇಕು. ಇದ್ದಕ್ಕಿದ್ದಂತೆ ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ನಕಲು ತೆಗೆಯಲು ಬರೆದಿಟ್ಟ ಕಮಾಂಡುಗಳ ಸ್ಕ್ರಿಪ್ಟು ಶುರುವಾದ ಕೂಡಲೇ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಗೊತ್ತಿದ್ದದ್ದು ಒಬ್ಬರಿಗೇ. ಅವರನ್ನು ಇಡೀ ಕಚೇರಿ ಮಾವ ಎಂದು ಕರೆಯುತ್ತಿತ್ತು.

ನಿಜವಾಗಿ ಅವರು ಮಾವನಾಗಬೇಕಿದ್ದದ್ದು ಪುಟ್ಟಿ ಒಬ್ಬಳಿಗೆ. ಅವಳ ಅಮ್ಮನ ಅಣ್ಣ. ಗ್ರಂಥಾಲಯಕ್ಕೆ ಮೊದಲ ಕಂಪ್ಯೂಟರು ಬಂದಾಗ ಅದರ ಪೆಟ್ಟಿಗೆ ಬಿಚ್ಚಿದವರು ಅವರೇ. ನಿವೃತ್ತರಾಗುವಾಗ ಡೇಟಾಬೇಸಿನ ಹೊಣೆಯನ್ನು ತಂಗಿಯ ಮಗಳ ಕೈಗೆ ಒಪ್ಪಿಸಿದರು. ಪುಟ್ಟಿಯ ತಲೆಯಲ್ಲೂ ಆಗಲೇ ಬಿಳಿ ಕೂದಲು ಇಣುಕುತ್ತಿದ್ದವು, ಆದರೆ ಮಾವನ ಬಾಯಲ್ಲಿ ಅವಳು ಪುಟ್ಟಿಯಾಗಿಯೇ ಉಳಿದಳು. ಈ ಕತೆಯಲ್ಲೂ ಅವಳಿಗೆ ಅದೇ ಹೆಸರು. ಎಲ್ಲವನ್ನೂ ಒಪ್ಪಿಸಿದ ಮಾವ ಆ ಪಾಸ್‌ವರ್ಡ್ ಒಂದನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡಿದ್ದರು. "ಅದಿರಲಿ ಬಿಡು, ಸಂಜೆ ಹೇಗೂ ವಾಕಿಂಗ್ ಬರ್ತೀನಲ್ಲ, ಟೈಪ್ ಮಾಡಿ ಹೋಗ್ತೀನಿ" ಎಂದಿದ್ದರು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಬೇಡ ಎನ್ನಬೇಕೆಂದೂ ಯಾರಿಗೂ ಅನಿಸಿರಲಿಲ್ಲ.

ಹೀಗೆ ಬಿಸಿಲು ಇಳಿಯುತ್ತಿದ್ದಂತೆ ಮಾವ ಬರುತ್ತಿದ್ದರು. ಮೆಟ್ಟಿಲು ಹತ್ತಿ, ಚಪ್ಪಲಿಯನ್ನು ಯಂತ್ರದ ಕೋಣೆಯ ಹೊರಗೆ ಬಿಟ್ಟು, ಕುರ್ಚಿಯನ್ನು ಅತ್ತಿತ್ತ ಅಲುಗಿಸಿ ಸರಿಯಾಗಿ ಕೂತು, ಕೀಬೋರ್ಡಿನ ಮೇಲೆ ಕೈ ಇಡುತ್ತಿದ್ದರು. ಆಮೇಲೆ ತುಟಿ ಅಲುಗುತ್ತಿತ್ತು. ದನಿ ಹೊರಗೆ ಬರುತ್ತಿರಲಿಲ್ಲ. ಒಳಗೊಳಗೇ ಏನೋ ರಾಗವಾಗಿ ಹೇಳಿಕೊಳ್ಳುವರು, ಅದರ ಲಯಕ್ಕೆ ಬೆರಳುಗಳು ಒಂದೊಂದೇ ಕೀಲಿ ಒತ್ತುವುವು. ಕೇಳುಗರ ಕರೆಗಳಿಗೆ ಉತ್ತರ ಕೊಡುತ್ತಿದ್ದ ಫೋನಿನಣ್ಣ ಕೆಳಗಿನಿಂದಲೇ ಕೂಗುತ್ತಿದ್ದ: "ಮಾವ ಮಂತ್ರ ಹಾಕಿದ್ರು, ಇನ್ನು ಮನೆಗೆ ಹೊರಡಬಹುದು!"

ಅದು ಪದ್ಯವೆಂದು ಪುಟ್ಟಿಗೆ ಗೊತ್ತಿತ್ತು. ಅಜ್ಜಿ, ಎಂದರೆ ಮಾವನ ಅಮ್ಮ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹೇಳುತ್ತಿದ್ದ ನಾಲ್ಕು ಸಾಲಿನ ಪದ್ಯ. ಅಜ್ಜಿಗೆ ಯಾರು ಕಲಿಸಿದರೋ, ತಾನೇ ಕಟ್ಟಿದಳೋ, ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಪುಟ್ಟಿಯ ಅಮ್ಮನೂ ಅದನ್ನು ಹೇಳುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅದು ಮಾವ ಒಬ್ಬರ ನಾಲಿಗೆಯ ಮೇಲೆ ಉಳಿದಿತ್ತು. ಪುಟ್ಟಿಗೆ ಅದರ ರಾಗ ಕಿವಿಯಲ್ಲಿ ಎಲ್ಲೋ ಇತ್ತು, ಮಾತುಗಳು ಇರಲಿಲ್ಲ. ಮಾವ ಇದ್ದಾರಲ್ಲ ಎಂಬ ನೆಮ್ಮದಿಯಲ್ಲಿ ಅವಳು ಅದನ್ನು ಹೇಳಿಕೊಡಿ ಎಂದು ಕೇಳಿಯೂ ಇರಲಿಲ್ಲ.

ಹೀಗಿರುವಾಗ ಮಾವನ ಮೊಣಕಾಲು ಕೈಕೊಟ್ಟಿತು. ಮೆಟ್ಟಿಲಿನ ಮಧ್ಯೆ ನಿಂತು ಉಸಿರು ಬಿಡುವುದು ಹೆಚ್ಚಾಯಿತು. ಜ್ವರ ಬಂದು ಮಲಗಿದ ಸಂಜೆ ನಕಲು ತೆಗೆಯಲೇ ಆಗಲಿಲ್ಲ. ಗ್ರಂಥಾಲಯ ನಡೆಸುತ್ತಿದ್ದ ಮೇಡಂ ಮರುದಿನ ಪುಟ್ಟಿಯನ್ನು ಕರೆದರು.

"ಅವರ ಮೇಲೆ ನನಗೆ ಎಷ್ಟು ಗೌರವ ಅಂತ ನಿಂಗೊತ್ತು. ಆದ್ರೆ ಒಂದು ಮೊಣಕಾಲಿನ ಮೇಲೆ ಇಷ್ಟು ಜನ ಕೇಳುಗರನ್ನ ನಿಲ್ಲಿಸೋಕೆ ಆಗುತ್ತಾ? ಪಾಸ್‌ವರ್ಡು ತಾನೇ ಹೋಗೋ ಹಾಗೆ ಮಾಡು."

ಮೇಡಂ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪುಟ್ಟಿ ಮಾವನಿಗೆ ಹೇಳಿದಾಗ ಅವರೂ ತಲೆಯಾಡಿಸಿದರು. "ಮಾಡೋಣ. ಮಾಡೋದಾದ್ರೆ ಸರಿಯಾಗಿ ಮಾಡೋಣ."

ಪುಟ್ಟಿ ಮೊದಲು ಸುಲಭದ ದಾರಿ ಹಿಡಿದಿದ್ದಳು. ನಕಲು ತೆಗೆಯುವ ಕಮಾಂಡಿನ ಸಾಲಿನಲ್ಲೇ ಪಾಸ್‌ವರ್ಡನ್ನೂ ಸೇರಿಸಿಬಿಟ್ಟರೆ ಆಯಿತಲ್ಲ ಎಂದು, ನಿಜವಾದ ಮಾತು ತನಗೆ ಗೊತ್ತಿಲ್ಲದ್ದರಿಂದ ಏನೋ ಒಂದು ಸುಳ್ಳು ಮಾತು ಹಾಕಿ ತೋರಿಸಿದಳು. ಮಾವ ನೋಡಿದರು. ಪಕ್ಕದ ಕೀಬೋರ್ಡು ಎಳೆದುಕೊಂಡು, ಈ ಹೊತ್ತಿನಲ್ಲಿ ಯಂತ್ರದೊಳಗೆ ಏನೇನು ಕೆಲಸ ನಡೆದಿದೆ ತೋರಿಸು ಎಂದು ಕೇಳಿದರು. ಯಂತ್ರ ತೋರಿಸಿತು. ಪುಟ್ಟಿ ಬರೆದ ಸಾಲು ಇಡಿಯಾಗಿ ಮೂಡಿತು, ಅದರೊಳಗೆ ಅವಳು ಹಾಕಿದ ಸುಳ್ಳು ಪಾಸ್‌ವರ್ಡೂ ಇತ್ತು: ಮಾವನಮೊಣಕಾಲು.

ಪುಟ್ಟಿ ಮುಖ ಮುಚ್ಚಿಕೊಂಡಳು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನ್ನ ಮೊಣಕಾಲು ಊರಿಗೆಲ್ಲ ಕಾಣಿಸ್ತಾ ಇದೆ ನೋಡು! ಈ ಯಂತ್ರದ ಒಳಗೆ ಬರೋಕೆ ಅನುಮತಿ ಇರೋ ಯಾರು ಕೇಳಿದ್ರೂ ಹೀಗೇ ಹೇಳ್ಬಿಡುತ್ತೆ. ಕಮಾಂಡಲ್ಲಿ ಬರೆಯೋದು ಅಂದ್ರೆ ಬೀದೀಲಿ ನಿಂತು ಕೂಗಿದ ಹಾಗೆ, ಪುಟ್ಟಿ."

"ಹಾಗಾದ್ರೆ ಎಲ್ಲಿಡೋದು?"

ಮಾವನೇ ಕಲಿಸಿದರು. ಯಂತ್ರದಲ್ಲಿ ಅವಳ ಹೆಸರಿಗೆಂದೇ ಇದ್ದ ಜಾಗದಲ್ಲಿ ಒಂದು ಪುಟ್ಟ ಫೈಲು, ಹೆಸರಿನ ಮುಂದೆ ಒಂದು ಚುಕ್ಕಿ. ಚುಕ್ಕಿ ಇದ್ದರೆ ಫೈಲುಗಳ ಸಾಮಾನ್ಯ ಪಟ್ಟಿಯಲ್ಲಿ ಅದು ಕಾಣಿಸದು. ಅದರೊಳಗೆ ಒಂದೇ ಸಾಲು: ಯಾವ ಯಂತ್ರ, ಯಾವ ಡೇಟಾಬೇಸು, ಯಾವ ಬಳಕೆದಾರ, ಕೊನೆಗೆ ಪಾಸ್‌ವರ್ಡು. ಸ್ಕ್ರಿಪ್ಟು ಶುರುವಾದಾಗ ಪ್ರೋಗ್ರಾಮು ತಾನೇ ಹೋಗಿ ಅದನ್ನು ಓದಿಕೊಂಡು ಬರುತ್ತದೆ, ಯಾರನ್ನೂ ಕೇಳುವುದಿಲ್ಲ.

"ಆದ್ರೆ ಒಂದು ಷರತ್ತು. ಒಡೆಯನನ್ನ ಬಿಟ್ಟು ಇನ್ನೊಬ್ಬರು ಓದೋ ಹಾಗಿದ್ರೆ ಸಾಕು, ಪ್ರೋಗ್ರಾಮು ಆ ಫೈಲನ್ನ ಮುಟ್ಟಲ್ಲ. ಮುಖ ತಿರುಗಿಸಿಕೊಂಡು, ಬಾಯಲ್ಲಿ ಹೇಳು ಅಂತ ಕೂತ್ಕೊಳುತ್ತೆ. ಬಹಳ ಬಿಗುಮಾನ ಅದಕ್ಕೆ. ಅದಕ್ಕೇ ಪರ್ಮಿಷನ್ ಬಿಗಿಯಾಗಿರ್ಬೇಕು." ಬಿಗಿ ಮಾಡುವ ಒಂದು ಸಾಲಿನ ಕಮಾಂಡನ್ನೂ ಹೇಳಿಕೊಟ್ಟರು.

ಎಲ್ಲ ಸಿದ್ಧವಾಯಿತು. ಸಾಲಿನ ಕೊನೆಯಲ್ಲಿ ಕರ್ಸರು ಮಿಣುಕುತ್ತಿತ್ತು. ಪುಟ್ಟಿ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಮಾವನ ಕಡೆ ತಿರುಗಿದಳು.

"ಹೇಳಿ ಮಾವ."

ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಇಷ್ಟು ವರ್ಷ ತುಟಿಯೊಳಗೇ ಇದ್ದದ್ದನ್ನು ಹೊರಗೆ ತರುವವರಂತೆ ಒಮ್ಮೆ ಗಂಟಲು ಸರಿಮಾಡಿಕೊಂಡರು.

"ನಮ್ಮಮ್ಮನ ಪದ್ಯ ಕಣೇ ಅದು. ಪ್ರತಿ ಮಾತಿನ ಮೊದಲಕ್ಷರ ತಗೊಂಡು ಕಟ್ಟಿದ್ದು. ಪದ್ಯ ಬಂದ್ರೆ ಪಾಸ್‌ವರ್ಡು ತಾನಾಗೇ ಬರುತ್ತೆ, ಬರೆದಿಡೋದೇ ಬೇಡ. ಕೇಳಿಸ್ಕೋ." ಹಾಗೆಂದು ದನಿ ತೆಗೆದು ಹೇಳಿದರು:

"ಹೆಸರ ಕೇಳದೆ ಕದವ ತೆರೆವನೆ,
ಹಸಿದು ಬಂದರೆ ಬಡಿಸಿ ನಗುವನೆ..."

ಇಲ್ಲಿ ನಿಂತು ಒಂದು ನಗೆ ನಕ್ಕರು. "ತಮಾಷೆ ನೋಡು. ಹೆಸರು ಕೇಳದೆ ಬಾಗಿಲು ತೆಗೆಯೋ ದೇವರ ಪದ್ಯ ಇಟ್ಕೊಂಡು, ಹೆಸರು ಕೇಳೋ ಯಂತ್ರಕ್ಕೆ ಬೀಗ ಹಾಕಿದೀನಿ. ಅಮ್ಮ ಇದ್ದಿದ್ರೆ ಕಿವಿ ಹಿಂಡ್ತಿದ್ಲು. ಮುಂದಿಂದು..."

ಆಗ ಕೆಳಗಿನಿಂದ ಫೋನಿನಣ್ಣ ಕೂಗಿದ, ಯಾರದೋ ಪುಸ್ತಕ ಅರ್ಧಕ್ಕೆ ನಿಂತುಹೋಗಿದೆಯಂತೆ, ಬೇಗ ಬರಬೇಕಂತೆ. ಮೇಡಂ ಬೇರೆ ಬಾಗಿಲ ಬಳಿ ಬಂದು, ಆಯಿತೇ ಎಂಬಂತೆ ಹುಬ್ಬು ಹಾರಿಸಿದರು. ಪುಟ್ಟಿಯ ಬೆರಳುಗಳು ಕೀಲಿಗಳ ಮೇಲೆ ಕಾದು ಕಾದು ಚಡಪಡಿಸುತ್ತಿದ್ದವು.

"ಪದ್ಯ ಬೇಡ ಮಾವ" ಎಂದಳು. "ಅಕ್ಷರ ಹೇಳಿ ಸಾಕು."

ಗದರಿ ಹೇಳಿದ್ದಲ್ಲ. ನಗುತ್ತಲೇ, ಮನೆಯ ಮಗಳ ಸಲಿಗೆಯಲ್ಲಿ ಹೇಳಿದ್ದು. ಮಾವ ಕನ್ನಡಕ ಎತ್ತಿ ಹಾಕಿಕೊಂಡರು. "ಸರಿ, ಬರ್ಕೋ" ಎಂದು ಒಂದೊಂದೇ ಅಕ್ಷರ ಹೇಳುತ್ತ ಹೋದರು. ಒಳಗೊಳಗೇ ಪದ್ಯ ಹೇಳಿಕೊಂಡು, ಪ್ರತಿ ಮಾತಿನ ತಲೆ ಕಿತ್ತು ಕಿತ್ತು ಕೊಟ್ಟರು. ಮಾತು ಯಾವುದು ಎಂದು ಅವಳು ಕೇಳಲಿಲ್ಲ. "ಕೊನೆಗೆ ಒಂದು ಚುಕ್ಕಿ" ಎಂದರು. "ಪದ್ಯ ಮುಗೀಬೇಕಲ್ಲ."

ಸ್ಕ್ರಿಪ್ಟು ಓಡಿತು. ಯಾರನ್ನೂ ಏನನ್ನೂ ಕೇಳಲಿಲ್ಲ. ಮೇಡಂ ಚಪ್ಪಾಳೆ ತಟ್ಟಿದರು. ಪುಟ್ಟಿಗೆ ಎಷ್ಟು ಖುಷಿಯಾಯಿತೆಂದರೆ ಮಾವನ ಕೈ ಹಿಡಿದು ಅಲುಗಿಸಿದಳು. "ಇನ್ನು ನೀವು ಆ ಮೆಟ್ಟಿಲು ಹತ್ತೋದೇ ಬೇಡ ಮಾವ! ಆರಾಮಾಗಿ ಮನೇಲಿರಿ."

"ಹೌದಲ್ಲ" ಎಂದರು ಮಾವ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಗೋಡೆ ಹಿಡಿದುಕೊಂಡು ಬಹಳ ಹೊತ್ತು ತೆಗೆದುಕೊಂಡರು. ಮೊಣಕಾಲಿನ ನೋವು ಎಂದುಕೊಂಡಳು ಪುಟ್ಟಿ.

*

ಮಾವ ಬರುವುದು ನಿಂತಿತು. ಮೊದಮೊದಲು ಸಂಜೆಯಾದರೆ ಫೋನಿನಣ್ಣ ಅಭ್ಯಾಸಬಲದಿಂದ ಮೆಟ್ಟಿಲ ಕಡೆ ನೋಡುತ್ತಿದ್ದ. ಆಮೇಲೆ ಅವನೂ ಬಿಟ್ಟ. ಯಂತ್ರದ ಕೋಣೆಗೆ ಹೋಗಿ ಕೂರುವ ಕೆಲಸ ಯಾರಿಗೂ ಉಳಿಯಲಿಲ್ಲ. ಅಲ್ಲಿಯ ತೆರೆಯ ಮೇಲೆ ಒಂದು ಕಿಟಕಿ ಸದಾ ತೆರೆದಿರುತ್ತಿತ್ತು, ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟು ಅದರಲ್ಲಿ ತಾನೇ ಶುರುವಾಗಿ ತಾನೇ ಮುಗಿಯುತ್ತಿತ್ತು. ಕುರ್ಚಿಯ ಮೇಲೆ ಯಾರೋ ಹಳೆಯ ತಂತಿಗಳ ಸುರುಳಿ ಇಟ್ಟರು.

ಮಾವನ ಮನೆಗೆ ಹೋಗಬೇಕು ಎಂದು ಪುಟ್ಟಿ ಅಂದುಕೊಳ್ಳುತ್ತಲೇ ಇದ್ದಳು. ಅತ್ತೆಗೆ ಫೋನು ಮಾಡಿದಾಗ "ಹೇಗಿದಾರೆ?" ಎಂದರೆ "ಇದಾರೆ" ಎಂಬ ಉತ್ತರ ಬರುತ್ತಿತ್ತು. ಅತ್ತೆ ಹಾಗೆ ಒಂದೇ ಮಾತಿನಲ್ಲಿ ಮುಗಿಸುವ ಹೆಂಗಸಲ್ಲ. ಆದರೂ ಪುಟ್ಟಿ ಅದರ ಬೆನ್ನು ಹತ್ತಲಿಲ್ಲ.

ಡೇಟಾಬೇಸು ಇದ್ದ ಹಳೆಯ ಸರ್ವರಿಗೆ ವಯಸ್ಸಾಗಿ ಹೊಸದು ಬಂತು. ಅದನ್ನು ಜೋಡಿಸಲು ಬಂದವನಿಗೆ ಕಚೇರಿಯಲ್ಲಿ ಗಡಿಬಿಡಿ ಎಂದೇ ಹೆಸರು. ಚಹಾ ಕುಡಿಯುವಾಗಲೂ ಒಂದು ಕಾಲು ಬಾಗಿಲ ಹೊರಗೆ ಇಟ್ಟುಕೊಂಡಿರುವ ಮನುಷ್ಯ. ಹಳೆಯದರಲ್ಲಿದ್ದ ಎಲ್ಲವನ್ನೂ ಹೊಸದಕ್ಕೆ ಸುರಿದ. "ಒಂದು ಧೂಳೂ ಬಿಟ್ಟಿಲ್ಲ ಮೇಡಂ, ಎಲ್ಲ ಬಂದಿದೆ" ಎಂದು ಹೇಳಿ ಮೆಟ್ಟಿಲಿಳಿದು ಮಾಯವಾದ. ಎಲ್ಲ ಬಂದಿತ್ತು. ಹಾಗೆ ಸುರಿಯುವಾಗ ಚುಕ್ಕಿಯ ಫೈಲಿನ ಬಿಗಿ ಮಾತ್ರ ಸಡಿಲವಾಗಿತ್ತು.

ಅದು ಪುಟ್ಟಿಗೆ ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ತಂತಿ ಹುಡುಕಿಕೊಂಡು ಯಂತ್ರದ ಕೋಣೆಗೆ ಹೋದಳು. ಕುರ್ಚಿಯ ಮೇಲಿನ ಸುರುಳಿ ಎತ್ತುವಾಗ ಕೈ ತಾಗಿ ಮಲಗಿದ್ದ ತೆರೆ ಎಚ್ಚರಗೊಂಡಿತು. ಅದರ ಮೇಲೆ ಎರಡು ಸಾಲುಗಳಿದ್ದವು. ಮೇಲಿನದು, ಪಾಸ್‌ವರ್ಡಿನ ಫೈಲನ್ನು ಬೇರೆಯವರೂ ಓದುವಂತಿದೆ, ಹಾಗಾಗಿ ಅದನ್ನು ಬಳಸುತ್ತಿಲ್ಲ ಎಂಬ ದೂರು. ಕೆಳಗಿನದು ಒಂದೇ ಮಾತು: ಪಾಸ್‌ವರ್ಡ್. ಅದರ ಮುಂದೆ ಕರ್ಸರು ಮಿಣುಕುತ್ತಿತ್ತು.

ಹೊಸ ಯಂತ್ರ ಬಂದ ದಿನದ ಸಂಜೆಯೇ ಅದು ಕೇಳಿತ್ತು. ಅಂದಿನಿಂದ ಹಾಗೇ ಕಾಯುತ್ತಿತ್ತು. ಎದುರಿಗೆ ಯಾರೂ ಇಲ್ಲವೆಂದು ಅದಕ್ಕೆ ತಿಳಿಯುವ ಬಗೆಯಿರಲಿಲ್ಲ.

ಇಷ್ಟು ದಿನ ನಕಲೇ ಇಲ್ಲ! ಪುಟ್ಟಿ ಓಡೋಡಿ ಹೋಗಿ ಡೇಟಾಬೇಸು ಪರೀಕ್ಷಿಸಿದಳು. ಪುಣ್ಯಕ್ಕೆ ಎಲ್ಲ ಇತ್ತು, ಎಲ್ಲ ಕೇಳುಗರೂ ತಾವು ನಿಲ್ಲಿಸಿದ ಜಾಗದಲ್ಲೇ ಭದ್ರವಾಗಿದ್ದರು. ವಾಪಸು ಬಂದು ಆ ಖಾಲಿ ಕುರ್ಚಿಯಲ್ಲಿ ಕೂತಳು. ಮಾಡಬೇಕಾದದ್ದು ಮಾವ ಕಲಿಸಿದ ಒಂದು ಸಾಲು, ಅಷ್ಟೇ. ಬೆರಳು ಮುಂದೆ ಹೋಗಲಿಲ್ಲ. ಆ ಮಿಣುಕುವ ಕರ್ಸರನ್ನು ನೋಡುತ್ತ ನೋಡುತ್ತ ಅವಳಿಗೆ ಅತ್ತೆಯ ಆ ಒಂದೇ ಮಾತಿನ ಉತ್ತರ ನೆನಪಾಯಿತು. ಅಲ್ಲಿಂದಲೇ ಫೋನು ಮಾಡಿದಳು.

"ಅತ್ತೆ, ನಿಜ ಹೇಳಿ, ಮಾವ ಹೇಗಿದಾರೆ?"

ಅತ್ತೆ ಒಂದೇ ಉಸಿರಿಗೆ ಹೇಳಿದರು. "ಸಂಜೆ ಆಯ್ತು ಅಂದ್ರೆ ಚಪ್ಪಲಿ ಮೆಟ್ಕೊಂಡು ಬಾಗಿಲ ತನಕ ಹೋಗ್ತಾರೆ ಕಣೇ. ಅಲ್ಲಿ ನಿಂತು ಏನೋ ಗೊಣಗ್ತಾರೆ, ನಿಲ್ಲಿಸ್ತಾರೆ, ಮತ್ತೆ ಮೊದಲಿಂದ. ಏನು ಹುಡುಕ್ತಿದೀರಿ ಅಂದ್ರೆ ಏನಿಲ್ಲ ಅಂತಾರೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆ ನೋಡ್ಕೊಂಡು ಕೂತ್ರೆ, ಕರೆದ್ರೂ ಕೇಳಿಸಲ್ಲ."

ಪುಟ್ಟಿ ಚೀಲ ಹೆಗಲಿಗೇರಿಸಿದಳು. ಸ್ಕ್ರಿಪ್ಟನ್ನು ಹಾಗೇ ಕಾಯಲು ಬಿಟ್ಟಳು.

*

"ಬಂದ್ಯಾ ಮಹಾರಾಣಿ! ದಾರಿ ತಪ್ಪಿತೋ?" ಎಂದು ಅತ್ತೆ ಬಾಗಿಲು ತೆಗೆದರು. ಮಾತಿನಲ್ಲಿ ಮೊನಚಿತ್ತು, ಆದರೆ ಕೈ ಆಗಲೇ ಅವಳ ಬೆನ್ನು ಸವರುತ್ತಿತ್ತು.

ಮಾವ ಕಿಟಕಿಯ ಪಕ್ಕ ಕೂತಿದ್ದರು. ಸ್ವಲ್ಪ ಇಳಿದಿದ್ದರು, ಅಂಗಿಯ ಕಾಲರಿನೊಳಗೆ ಕತ್ತು ಸಣ್ಣದಾಗಿ ಕಾಣುತ್ತಿತ್ತು. ಅವಳನ್ನು ನೋಡಿ ಮುಖ ಅರಳಿತು.

"ಮಾವ, ನಿಮ್ಮ ಪಾಸ್‌ವರ್ಡು ಬೇಕಾಗಿದೆ. ಯಂತ್ರ ಕೇಳ್ತಾ ಕೂತಿದೆ."

"ಯಾಕೆ, ಫೈಲಲ್ಲಿ ಇದೆಯಲ್ಲ?"

"ಗಡಿಬಿಡಿ ಕಾಪಿ ಮಾಡಿದಾನೆ, ಪರ್ಮಿಷನ್ ಸಡಿಲ ಆಗಿದೆ. ಮುಟ್ತಾ ಇಲ್ಲ."

"ಅದಕ್ಕೆ ಒಂದು ಸಾಲು ಕಮಾಂಡು. ನಾನೇ ಹೇಳ್ಕೊಟ್ಟಿದೀನಿ." ಮಾವ ಅವಳ ಮುಖವನ್ನೇ ನೋಡಿ ನಕ್ಕರು. "ಸುಳ್ಳು ಹೇಳೋಕೂ ಬರಲ್ಲ ನಿಂಗೆ. ನಿಮ್ಮಮ್ಮನ ಹಾಗೇ, ಕಿವಿ ಕೆಂಪಾಗ್ಬಿಡುತ್ತೆ."

"ಸರಿ, ನಿಜ ಹೇಳ್ತೀನಿ. ಬರೋದೇ ಬೇಡ ಅಂದಿದ್ದು ನಂದು ತಪ್ಪು. ನಾನು ಮೆಟ್ಟಿಲ ಬಗ್ಗೆ ಅಂದೆ, ನಿಮ್ಮ ಬಗ್ಗೆ ಅಲ್ಲ. ನೀವೇ ಬಂದು ಕೂತು ಟೈಪ್ ಮಾಡ್ಬೇಕು ಮಾವ. ಆಟೋದಲ್ಲಿ ಕರ್ಕೊಂಡು ಹೋಗ್ತೀನಿ, ಮೆಟ್ಟಿಲಿಗೆ ಫೋನಿನಣ್ಣ ಹೆಗಲು ಕೊಡ್ತಾನೆ."

ಮಾವ ಕಿಟಕಿಯ ಹೊರಗೆ ನೋಡಿದರು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಬಂದು ಏನು ಮಾಡ್ಲಿ ಪುಟ್ಟಿ? ನಂಗೇ ಬರಲ್ಲ ಈಗ."

"ಏನು ಬರಲ್ಲ?"

"ಪದ್ಯ." ಮೆಲ್ಲಗೆ, ನಾಚಿಕೊಂಡವರ ಹಾಗೆ ಹೇಳಿದರು. "ದಿನಾ ಅಲ್ಲಿ ಕೂತು ಒಂದ್ಸಲ ಹೇಳ್ಕೋತಿದ್ದೆ ನೋಡು, ಅದರಿಂದಲೇ ಉಳಿದಿತ್ತು ಅಂತ ಕಾಣುತ್ತೆ. ಬೇರೆಲ್ಲೂ ನಾನು ಅದನ್ನ ಹೇಳ್ತಿರ್ಲಿಲ್ಲ. ಈಗ ಎರಡು ಸಾಲು ಬರುತ್ತೆ. ಬಡಿಸಿ ನಗುವನೆ ಅಂತೀನಿ, ಅಲ್ಲಿಗೆ ನಿಂತುಹೋಗುತ್ತೆ."

ಪುಟ್ಟಿಗೆ ಆ ಸಂಜೆಯ ಕೋಣೆ ಕಣ್ಣೆದುರು ಬಂತು. ಮಾವನ ದನಿ ಎಲ್ಲಿ ನಿಂತಿತ್ತು, ತಾನು ಎಲ್ಲಿ ಬಾಯಿ ಹಾಕಿದ್ದೆ, ಎಲ್ಲವೂ.

"ಅಲ್ಲೇ..." ಎಂದಳು.

"ಹೂಂ, ಅಲ್ಲೇ. ಅಲ್ಲಿಗೆ ಬಂದ್ರೆ ಅಮ್ಮನ ದನಿ ಇರಲ್ಲ, ನಿನ್ನ ದನಿ ಕೇಳಿಸುತ್ತೆ, ಅಕ್ಷರ ಸಾಕು ಅಂತ." ಅವಳ ಕಣ್ಣು ತುಂಬಿದ್ದು ನೋಡಿ ಮಾವ ಗಾಬರಿಯಾದರು. "ಏ, ನಿನ್ನ ಬೈತಾ ಇಲ್ವೇ. ಕಾಲಲ್ಲಿ ಮುಳ್ಳು ಮುರಿದಿದ್ರೆ ಅಲ್ಲಿ ಹೆಜ್ಜೆ ಊರೋಕೆ ಆಗಲ್ವಲ್ಲ, ಹಾಗೆ ಅಷ್ಟೇ. ಅವತ್ತು ಒಂದೊಂದೇ ಅಕ್ಷರ ಕಿತ್ತು ಕೊಟ್ನಲ್ಲ, ಆಗಲೇ ಚೂರಾಯ್ತೋ ಏನೋ. ವಯಸ್ಸೂ ಆಯ್ತು."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಒತ್ತಿಕೊಂಡರು. "ಇದನ್ನೇ ಹುಡುಕ್ತಿದ್ರಾ? ನಂಗೆ ಹೇಳೋಕೇನಾಗಿತ್ತು?"

"ನಿಂಗೆ ಹೇಳಿದ್ರೆ ನಿಂಗೆ ಬರ್ತಿತ್ತಾ?"

"ಬರ್ತಿರ್ಲಿಲ್ಲ. ಜೊತೆಗೆ ಹುಡುಕ್ತಿದ್ದೆ."

ಮಾವ ಪುಟ್ಟಿಯ ಕಡೆ ತಿರುಗಿದರು. "ನಿನ್ನ ಹತ್ರ ಅಕ್ಷರ ಇದೆಯಲ್ಲ? ತೋರಿಸ್ತೀಯಾ?"

*

ಫೋನಿನಣ್ಣ ಹೆಗಲು ಕೊಟ್ಟ. "ಮಾವ, ನೀವಿಲ್ದೆ ನಾನು ಮನೆಗೆ ಯಾವಾಗ ಹೋಗ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ, ಹೆಂಡತಿ ಬೈತಾಳೆ" ಎಂದು ನಗಿಸುತ್ತ ಒಂದೊಂದೇ ಮೆಟ್ಟಿಲು ಹತ್ತಿಸಿದ. ಮಾವ ಚಪ್ಪಲಿ ಹೊರಗೆ ಬಿಟ್ಟರು. ಕುರ್ಚಿಯನ್ನು ಅತ್ತಿತ್ತ ಅಲುಗಿಸಿ ಕೂತರು. ಪುಟ್ಟಿ ಪಕ್ಕದಲ್ಲಿ ಒಂದು ಸ್ಟೂಲು ಎಳೆದುಕೊಂಡು ಇನ್ನೊಂದು ಕಿಟಕಿಯಲ್ಲಿ ಚುಕ್ಕಿಯ ಫೈಲನ್ನು ತೆರೆದಳು.

ಬಣ್ಣವಿಲ್ಲದ ಒಂದು ಸಾಲು. ಅದರ ಕೊನೆಯಲ್ಲಿ, ನಡುವೆ ಒಂದು ಉಸಿರಿಗೂ ಜಾಗವಿಲ್ಲದಂತೆ ಅಂಟಿಕೊಂಡ ಇಂಗ್ಲಿಷ್ ಅಕ್ಷರಗಳು, ಕೊನೆಗೊಂದು ಚುಕ್ಕಿ. ಪುಟ್ಟಿ ಕಾಗದದ ಮೇಲೆ ಅವನ್ನು ಬಿಡಿಸಿ ಕನ್ನಡದಲ್ಲಿ ಸಾಲು ಸಾಲಾಗಿ ಬರೆದಳು. ಹ ಕ ಕ ತ. ಹ ಬ ಬ ನ. ಇಲ್ಲಿಯವರೆಗೆ ಮಾತುಗಳಿದ್ದವು. ಉ ನ ಮ ಹ. ಬ ಕ ದ ಇ. ಇಲ್ಲಿಂದ ಮುಂದೆ ಬರೀ ತಲೆಗಳು.

ಮಾವ ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು. ಕಣ್ಣು ಮಿನುಗಿತು.

"ಪ್ರಾಸ ಇದೆಯಲ್ಲ! ಹೆಸರ, ಹಸಿದು. ಎರಡನೇ ಅಕ್ಷರ ಸಕಾರನೇ ಆಗ್ಬೇಕು. ಉ ಅಂದ್ರೆ, ಉಸಿ..."

"ಉಸಿರು!" ಎಂದರು ಇಬ್ಬರೂ ಒಟ್ಟಿಗೇ.

ಕೋಣೆಯಲ್ಲಿ ಒಂದು ಗಳಿಗೆ ಅಜ್ಜಿ ಬಂದು ನಿಂತ ಹಾಗಾಯಿತು. ಮಾವ ಕೈ ಎತ್ತಿ ತಾಳ ಹಿಡಿದರು. "ಉಸಿರು... ಉಸಿರು ನ..."

"ಉಸಿರು ನಿಂತರೆ?" ಎಂದಳು ಪುಟ್ಟಿ.

ಮಾವ ಅದನ್ನು ಬಾಯಲ್ಲಿ ಇಟ್ಟು ನೋಡಿದರು. "ಮಾತ್ರೆ ಕೂರುತ್ತೆ. ಅಮ್ಮ ಕೂರಲ್ಲ. ಅವಳು ದೀಪ ಹಚ್ಚೋವಾಗ ಅಂಥ ಮಾತು ಆಡೋಳಲ್ಲ."

"ಉಸಿರ ನಡುವಲಿ? ಉಸಿರ ನೀಡುತ?"

"ಆಗುತ್ತೆ, ಎಲ್ಲನೂ ಆಗುತ್ತೆ." ಮಾವ ತಲೆಯಾಡಿಸಿದರು. "ಕೊನೇ ಮಾತು ಹೊರುವನೆ ಇರ್ಬಹುದು. ಹಿಡಿವನೆ ಇರ್ಬಹುದು. ನಾಲ್ಕನೇ ಸಾಲಿಗೆ ಬಿಸಿಲು ಬರುತ್ತೋ, ಬೆಸೆದು ಬರುತ್ತೋ, ಬಸಿದು ಬರುತ್ತೋ. ಎಷ್ಟು ಪದ್ಯ ಬೇಕಾದ್ರೂ ಕಟ್ಟಬಹುದು ಪುಟ್ಟಿ. ಯಾವುದೂ ಅದಾಗಲ್ಲ."

ಕೆಳಗಿನ ಕೋಣೆಯಲ್ಲಿ, ಗಾಜಿನ ಗೋಡೆಯ ಹಿಂದೆ, ಯಾರೋ ಮೈಕಿನ ಮುಂದೆ ಕೂತು ಒಂದು 
ಪುಸ್ತಕ ಓದುತ್ತಿದ್ದರು. ಇಡೀ ಕಟ್ಟಡ ಇದ್ದದ್ದೇ ದನಿಯನ್ನು ಹಿಡಿದಿಡಲು. ಇಷ್ಟು ವರ್ಷ ದಿನಾ ಸಂಜೆ ಆ ಮೈಕನ್ನು ದಾಟಿಯೇ ಮಾವ ಮೆಟ್ಟಿಲು ಹತ್ತಿದ್ದರು. ಒಂದು ದಿನ ತಡೆದು, ಇಲ್ಲಿ ಕೂತು ಅದನ್ನೊಮ್ಮೆ ಹೇಳಿ ಮಾವ ಎನ್ನಬಹುದಿತ್ತು. ಪುಟ್ಟಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಮಾವನಿಗೆ ಗೊತ್ತಾಯಿತೋ ಏನೋ, ಅವಳ ಕೈಯ ಮೇಲೆ ಒಮ್ಮೆ ತಟ್ಟಿದರು.

"ಮೂರನೇ ಸಾಲಿನ ಮೊದಲ ಮಾತು ಸಿಕ್ತಲ್ಲ" ಎಂದರು. "ಬರೋವಾಗ ಅದೂ ಇರ್ಲಿಲ್ಲ."

ಆ ಫೈಲನ್ನು ಪುಟ್ಟಿ ಬಿಗಿ ಮಾಡಿದಳು. ಆದರೆ ಸ್ಕ್ರಿಪ್ಟು ದಿನಾ ಮತ್ತೆ ಪಾಸ್‌ವರ್ಡ್ ಕೇಳಲಿ ಎಂದು, ಅದು ಹುಡುಕುವ ಜಾಗದಿಂದ ಫೈಲನ್ನು ತೆಗೆದು ಬೇರೆ ಕಡೆ ಇಟ್ಟಳು. ಮಾವ ಬಂದ ಸಂಜೆ ಅವರು ಟೈಪ್ ಮಾಡುತ್ತಾರೆ, ಬರಲಾಗದ ಸಂಜೆ ನಾನೇ ಕೂತು ಮಾಡುತ್ತೇನೆ, ಒಂದು ಸಂಜೆಯೂ ತಪ್ಪುವುದಿಲ್ಲ ಎಂದು ಮೇಡಂಗೆ ಹೇಳಿದಳು. ಮೇಡಂ ಏನೋ ಕೇಳಲು ಬಾಯಿ ತೆರೆದವರು ಯಂತ್ರದ ಕೋಣೆಯ ಹೊರಗಿದ್ದ ಚಪ್ಪಲಿ ನೋಡಿ, ಸರಿ ಎಂದು ತಲೆಯಾಡಿಸಿದರು.

ಈಗಲೂ ಬಿಸಿಲು ಇಳಿಯುವಾಗ ಮಾವ ಬರುತ್ತಾರೆ. ಪುಟ್ಟಿ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾಳೆ, ಎದುರಿಗೆ ಒಂದು ಸಣ್ಣ ಮೈಕು ಇಟ್ಟಿರುತ್ತಾಳೆ. ಬೆರಳು ಆಡುತ್ತ ಆಡುತ್ತ ಎಂದಾದರೂ ನಾಲಿಗೆ ತಾನಾಗಿ ಮುಂದೆ ಹರಿದೀತು ಎಂದು ಇಬ್ಬರಿಗೂ ಆಸೆ. ಅದನ್ನು ಇಬ್ಬರೂ ಆಡುವುದಿಲ್ಲ.

ತೆರೆ ಪಾಸ್‌ವರ್ಡ್ ಕೇಳುತ್ತದೆ. ಮಾವ ಈಗ ತುಟಿಯೊಳಗೆ ಹೇಳಿಕೊಳ್ಳುವುದಿಲ್ಲ, ದನಿ ತೆಗೆದು ಹೇಳುತ್ತಾರೆ. ಹೆಸರ ಕೇಳದೆ ಕದವ ತೆರೆವನೆ. ಮಾತಿಗೊಂದು ಕೀಲಿ. ಒತ್ತಿದ ಅಕ್ಷರ ತೆರೆಯ ಮೇಲೆ ಕಾಣಿಸುವುದಿಲ್ಲ, ಕರ್ಸರು ಇದ್ದಲ್ಲೇ ಇರುತ್ತದೆ. ಹಸಿದು ಬಂದರೆ ಬಡಿಸಿ ನಗುವನೆ. ಪುಟ್ಟಿ ಉಸಿರು ಬಿಗಿ ಹಿಡಿಯುತ್ತಾಳೆ. ಉಸಿರು, ಎನ್ನುತ್ತಾರೆ ಮಾವ. ಆಮೇಲೆ ದನಿ ಇಲ್ಲ. ಕಾಗದದ ಮೇಲಿನ ಅಕ್ಷರಗಳನ್ನು ನೋಡಿಕೊಂಡು ಬೆರಳುಗಳು ಮುಂದೆ ಹೋಗುತ್ತವೆ. ಮೈಕಿನೊಳಗೆ ಕೀಲಿಗಳ ಟಕ್ ಟಕ್ ಮಾತ್ರ ಇಳಿಯುತ್ತದೆ. ಕೊನೆಗೆ ಒಂದು ಚುಕ್ಕಿ. ಎಂಟರ್.

ಡೇಟಾಬೇಸು ತೆರೆದುಕೊಳ್ಳುತ್ತದೆ. ಅದಕ್ಕೆ ಅಕ್ಷರ ಸಾಕು.